ಗುರುವಾರದ ಹಾಜರಿ ಪುಸ್ತಕ

ಮೊದಲು ನೋಡಬೇಕಾದದ್ದು ಕುರ್ಚಿಯನ್ನು.
ಕೈಯಿರುವ ಕುರ್ಚಿ, ಊರಿ ಏಳಲು ಬರುವಂಥದ್ದು.
ಇಷ್ಟು ಕಲಿಯಲು ನನಗೆ ಮೂರು ಗುರುವಾರ ಹಿಡಿಯಿತು.
ಮಕ್ಕಳ ಧರ್ಮೋಪದೇಶದ ಗಿಡ್ಡ ಬೆಂಚಿನಲ್ಲಿ ಕೂತ ಚೌರಪ್ಪನವರು
'ಕೂರೋಕೆ ಸ್ವಾಮಿಯೋರ ಅಪ್ಪಣೆ ಸಾಕು ಕಣಮ್ಮ,
ಏಳೋಕೆ ದೇವರೇ ಬರಬೇಕು' ಅಂದಾಗ
ಲಿಂಗರಾಜಪುರದ ಆ ಹಾಲೆಲ್ಲ ನಕ್ಕಿತು.
ನಾನು ಬರೆದುಕೊಂಡೆ: ಕುರ್ಚಿ, ಇಪ್ಪತ್ತು, ಬಾಡಿಗೆಗೆ.

ಸಂಜೆ ಬೇಡ. ಸಂಜೆ ಫ್ಲೈಓವರಿನ ಕೆಳಗೆ ರಸ್ತೆ ದಾಟುವುದೆಂದರೆ
ಮೋಶೆಯಿಲ್ಲದೆ ಕೆಂಪು ಸಮುದ್ರ ದಾಟಿದ ಹಾಗೆ.
ಬೆಳಿಗ್ಗೆ ಹತ್ತೂವರೆ. ಮಾತ್ರೆ ನುಂಗಿ, ನೀರು ಹಿಡಿದು ಆಗಿರುತ್ತದೆ,
ಮೊಮ್ಮಕ್ಕಳ ವ್ಯಾನು ಇನ್ನೂ ಬಂದಿರುವುದಿಲ್ಲ.
ಮೈಕ್ ಇರಲಿ, ಫ್ಯಾನು ಮಾತ್ರ ಎರಡರಲ್ಲಿ;
ಐದಕ್ಕೆ ತಿರುಗಿಸಿದರೆ ಯೆಶಾಯನ ಅರ್ಧ ಮಾತು ಗಾಳಿಪಾಲು.
'ಸಿಹಿ ಬಿಸ್ಕತ್ತು ಕೂಡದು' ಎಂದು ಬರೆದೆ.
ಆಮೇಲೆ ಅಳಿಸಿದೆ.

ಇದನ್ನೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ. ಮೂವತ್ತನಾಲ್ಕು ವರ್ಷ
ಟೆಲಿಫೋನ್ ಕಾರ್ಖಾನೆಯಲ್ಲಿ ರಿಲೇ ಜೋಡಿಸಿದವಳು ನಾನು.
ಇಲ್ಲೊಂದು ತಂತಿ ಇನ್ನೊಂದಕ್ಕೆ ಸರಿಯಾಗಿ ತಾಗಿದರೆ
ಕಾಣದ ಯಾವುದೋ ಮನೆಯಲ್ಲಿ ಗಂಟೆ ಬಾರಿಸುತ್ತದೆ;
ನನ್ನ ವಿದ್ಯೆ ಅಷ್ಟೇ.

'ಮುದುಕರಿಗೆ ಜಪಸರ ಸಾಲದೇನು?' ಎಂದರು ಸಮಿತಿಯಲ್ಲಿ.
ಸಾಲುತ್ತದೆ. ಆದರೆ ಎಪ್ಪತ್ತು ವರ್ಷ ಪೂಜೆಗೆ ಮಂಡಿಯೂರಿ
ಒಂದು ಸಲವೂ ಕೈಯೆತ್ತಿ ಪ್ರಶ್ನೆ ಕೇಳದವರು
ಕೇಳದೆಯೇ ಹೋಗಬೇಕೇ?
ಸಭೆಯಲ್ಲಿ ಈ ಮಾತು ಬಾಯಿಗೆ ಬರಲಿಲ್ಲ,
ಮನೆಗೆ ಬಂದು ಅಕ್ಕಿ ತೊಳೆಯುವಾಗ ಬಂತು.

ಏಳನೆಯ ಗುರುವಾರ ಯೋಬನ ಗ್ರಂಥ, ಕೊನೆಯ ಅಧ್ಯಾಯ.
ದಪ್ಪ ಅಕ್ಷರದ ಜೆರಾಕ್ಸು. ಇನ್ನಾಸಪ್ಪ ಓದಿದರು,
ಸಾಲಿನ ಕೆಳಗೆ ಬೆರಳಿಟ್ಟು, ಅಂಗಡಿಯ ಲೆಕ್ಕ ಒಪ್ಪಿಸಿದಂತೆ:
ಕುರಿ ಹದಿನಾಲ್ಕು ಸಾವಿರ, ಒಂಟೆ ಆರು ಸಾವಿರ,
ಗಂಡು ಏಳು, ಹೆಣ್ಣು ಮೂರು.
ನನ್ನ ಟಿಪ್ಪಣಿಯಲ್ಲಿತ್ತು: ತಾಳ್ಮೆಗೆ ಇಮ್ಮಡಿ ಫಲ.

ಹಿಂದಿನ ಸಾಲಿನಲ್ಲಿ ಆರೋಗ್ಯಮ್ಮ, ಕಿವಿಯಂತ್ರವನ್ನು
ಸದಾ ಕರ್ಚೀಫಿನಲ್ಲಿ ಕಟ್ಟಿಟ್ಟುಕೊಳ್ಳುವವರು,
ಕುರ್ಚಿಯ ಕೈ ಹಿಡಿದು ಎದ್ದು ನಿಂತರು.
'ಕುರಿ ಬಂತು, ಸರಿ. ಒಂಟೆ ಬಂತು, ಸರಿ.
ಮನೆ ಬಿದ್ದು ಸತ್ತವಲ್ಲ, ಆ ಹತ್ತು ಮಕ್ಕಳು?
ಆಮೇಲೆ ಹುಟ್ಟಿದ ಹೆಣ್ಣುಮಕ್ಕಳಿಗೆ ಹೆಸರು ಬರೆದವ್ರೆ.
ಮೊದಲಿನವಕ್ಕೆ ಯಾಕಮ್ಮ ಬರೆದಿಲ್ಲ?'

ಫ್ಯಾನು ಎರಡರಲ್ಲೇ ತಿರುಗುತ್ತಿತ್ತು.
ನಾನು ಸ್ವಾಮಿಗಳನ್ನು ನೋಡಿದೆ, ಸ್ವಾಮಿಗಳು ಹಾಳೆಯನ್ನು.
ಮೂವತ್ತೊಂದರ ಹುಡುಗ, ಹೀಬ್ರೂ ಓದಿ ಬಂದವರು.
'ಗೊತ್ತಿಲ್ಲ ಅಜ್ಜಿ' ಅಂದರು.
ಮೈಕ್ ಕೆಳಗಿಟ್ಟರು. ಒಂದು ಖಾಲಿ ಕುರ್ಚಿ ಎಳೆದು
ಅವರ ಪಕ್ಕದಲ್ಲಿ ಕೂತರು.

'ನನ್ನ ಮೊದಲನೇದು ಲೂರ್ದಮ್ಮ. ಒಂಬತ್ತು ತಿಂಗಳು, ದಡಾರ.
ಆಮೇಲೆ ನಾಲ್ಕು ಹುಟ್ಟಿದವು.
ಬದಲಿಗೆ ಅಂತ ಯಾವುದೂ ಹುಟ್ಟಲಿಲ್ಲ ಸ್ವಾಮಿ.'

ಕೈಯಲ್ಲಿ ಪೆನ್ನಿತ್ತು, ಎದುರು ಹಾಜರಿ ಪುಸ್ತಕ ತೆರೆದಿತ್ತು.
ಏನು ಮಾಡಲೂ ತೋಚದೆ ಬರೆದೆ: ಲೂರ್ದಮ್ಮ.
ಚೌರಪ್ಪನವರು ಗಂಟಲು ಸರಿಮಾಡಿಕೊಂಡು, 'ಸಂದ್ಯಾಗಪ್ಪ. ಬಾವಿ.'
ಇನ್ನಾಸಪ್ಪ, 'ನಮ್ಮವು ಅವಳಿ.'
ಮುಂದಿನ ಸಾಲಿನ ರೆಜಿನಾ ಟೀಚರ್
ಹೆಸರಿಡುವ ಮೊದಲೇ ಹೋಯಿತೆಂದರು;
ಅದಕ್ಕೊಂದು ಸಾಲು ಖಾಲಿ ಬಿಟ್ಟೆ.
ಬಿಸ್ಕತ್ತು ಆ ದಿನ ಯಾರೂ ಮುಟ್ಟಲಿಲ್ಲ,
ಹೋಗುವಾಗ ಮಾತ್ರ ಪೊಟ್ಟಣ ಖಾಲಿಯಾಗಿತ್ತು.

ತಿಂಗಳ ಕೊನೆಗೆ ಕೇಂದ್ರ ಕಚೇರಿಯಿಂದ ಫೋನು:
'ವರದಿ ಚೆನ್ನಾಗಿದೆ ಮೇಡಂ. ಒಂದೇ ಕೊರತೆ,
ಐದು ಸಾಲಿನಲ್ಲಿ ಫೋನ್ ನಂಬರಿಲ್ಲ, ಸಹಿಯಿಲ್ಲ.
ಒಂದರಲ್ಲಂತೂ ಹೆಸರೇ ಇಲ್ಲ. ತುಂಬಿಸಿ ಕಳಿಸಿ.'

ಆಗಲಿ ಎಂದಿದ್ದೇನೆ.
ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ,
ರಿಲೇ ಜೋಡಿಸಿದ ಕೈ.